ಎಷ್ಟು ಇಳಿಯಿತೋ ಅಷ್ಟೇ ಸುರಿಯಿರಿ: ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಬದಲಿಸುವ ಬಗೆ

ನನ್ನದು 2012ರ ಹೋಂಡಾ ಸಿಟಿ. 1.5 ಲೀಟರ್ ಪೆಟ್ರೋಲ್, ಐದು ಸ್ಪೀಡಿನ ಆಟೋಮ್ಯಾಟಿಕ್. ಅದರ ಗೇರ್‌ಬಾಕ್ಸ್ ಆಯಿಲನ್ನು ನಾನೇ ಬದಲಿಸುತ್ತೇನೆ. ಬೆಂಗಳೂರಿನ ಪೀಣ್ಯದಲ್ಲಿ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತನಾದವನು ನಾನು. ಅಳೆಯದೆ ಏನನ್ನೂ ಮಾಡದ ಚಟ ಇನ್ನೂ ಬಿಟ್ಟಿಲ್ಲ. ಈ ಕೆಲಸಕ್ಕೆ ಬೇಕಾಗಿರುವುದೂ ಮುಖ್ಯವಾಗಿ ಆ ಚಟವೇ.

ಮೊದಲು ಎಷ್ಟು ದಿನಕ್ಕೆ ಬದಲಿಸಬೇಕು ಅನ್ನುವುದನ್ನು ನೋಡೋಣ. ಎಲ್ಲರೂ ಕಿಲೋಮೀಟರ್ ಲೆಕ್ಕ ಹೇಳುತ್ತಾರೆ. ನಾನು ಗಂಟೆ ಲೆಕ್ಕ ಹಾಕುತ್ತೇನೆ. ಗಂಟೆಗೆ 60 ಕಿ.ಮೀ. ಸರಾಸರಿಯಲ್ಲಿ 30,000 ಕಿ.ಮೀ. ಓಡಿದ ಗಾಡಿ 500 ಗಂಟೆ ದುಡಿದಿರುತ್ತದೆ. ಅಷ್ಟೇ ದೂರವನ್ನು ನಮ್ಮ ಔಟರ್ ರಿಂಗ್ ರೋಡಿನಲ್ಲಿ ಗಂಟೆಗೆ 15 ಕಿ.ಮೀ. ಲೆಕ್ಕದಲ್ಲಿ ತೆವಳಿದರೆ 2,000 ಗಂಟೆ. ಮೀಟರ್ ಎರಡರಲ್ಲೂ ಒಂದೇ ತೋರಿಸುತ್ತದೆ, ಆಯಿಲ್ ಮಾತ್ರ ನಾಲ್ಕು ಪಟ್ಟು ಬೆಂದಿರುತ್ತದೆ.

ತೆವಳುವುದೇ ಜಾಸ್ತಿ ಕೆಟ್ಟದ್ದು, ಅದಕ್ಕೆ ಕಾರಣವೂ ಇದೆ. ಎಂಜಿನ್ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಒಳಗೆ ಎಂಜಿನ್ ಕಡೆಯ ರೆಕ್ಕೆಗಳು ಆಯಿಲನ್ನು ತಳ್ಳುತ್ತವೆ, ಆ ತಳ್ಳುವಿಕೆಗೆ ಗೇರ್ ಕಡೆಯ ರೆಕ್ಕೆಗಳು ತಿರುಗುತ್ತವೆ. ನಡುವೆ ಜಾರುವಷ್ಟೂ ಬಿಸಿ. ಗಾಡಿಗೆ ಸ್ವಲ್ಪ ವೇಗ ಬಂದ ಮೇಲೆ ಲಾಕಪ್ ಕ್ಲಚ್ ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ, ಜಾರುವುದು ನಿಲ್ಲುತ್ತದೆ. ಸಿಲ್ಕ್ ಬೋರ್ಡ್ ಹತ್ತಿರ ಸಂಜೆ ಆರಕ್ಕೆ ಲಾಕಪ್ ಎಲ್ಲಿಂದ ಬರಬೇಕು? ಇನ್ನು ಈ ಆಯಿಲ್ ಸುಮ್ನೆ ಜಾರಿಸುವ ಎಣ್ಣೆ ಅಲ್ಲ. ಶಕ್ತಿ ದಾಟಿಸುವುದೂ ಅದೇ, ಕ್ಲಚ್‌ಗಳನ್ನು ಒತ್ತಿ ಹಿಡಿಯುವುದೂ ಅದೇ, ಬಿಸಿಯನ್ನು ಹೊತ್ತೊಯ್ಯುವುದೂ ಅದೇ. ನಿಮ್ಮ ಮ್ಯಾನ್ಯುಯಲ್‌ನಲ್ಲಿ ಕಠಿಣ ಬಳಕೆಗೆ ಬೇರೆ ಲೆಕ್ಕ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಬೆಂಗಳೂರಿನವರು ಎಲ್ಲರೂ ಆ ಗುಂಪೇ. ಈ ಗಂಟೆ ಲೆಕ್ಕ ನೋಡಿಯೇ ನಾನು 30,000 ಕಿ.ಮೀ.ಗೆ ಬದಲಿಸುತ್ತೇನೆ.

ಮುಂದೆ ಓದುವ ಮೊದಲು ನಿಮ್ಮ ಗಾಡಿಯಲ್ಲಿರುವುದು ಯಾವ ಬಗೆಯ ಆಟೋಮ್ಯಾಟಿಕ್ ಅಂತ ತಿಳಿದುಕೊಳ್ಳಿ. 2014ರಲ್ಲಿ ಸೆಲೆರಿಯೋ ಜೊತೆ ಬಂದ ಎಎಂಟಿ ಅಸಲಿಗೆ ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಕ್ಲಚ್ ಮತ್ತು ಗೇರನ್ನು ಯಂತ್ರ ಹಾಕುತ್ತದೆ, ಅಷ್ಟೇ. ಅದಕ್ಕೆ ಮಾಮೂಲಿ ಗೇರ್ ಆಯಿಲ್. 2014ರಿಂದ ಬಂದ ಆಟೋಮ್ಯಾಟಿಕ್ ಸಿಟಿಯಲ್ಲಿ (ಹೈಬ್ರಿಡ್ ಬಿಟ್ಟು) ಇರುವುದು ಸಿವಿಟಿ, ಅಂದರೆ ಗೇರುಗಳ ಬದಲು ಬೆಲ್ಟು, ಪುಲ್ಲಿ. ಅದಕ್ಕೆ ಎಚ್‌ಸಿಎಫ್-2 ಅನ್ನುವ ಆಯಿಲ್ ಬೇಕು, ನನ್ನ ಗಾಡಿಯ ಆಯಿಲ್ ಹಾಕಿದರೆ ಬೆಲ್ಟು ಪುಲ್ಲಿಯ ಮೇಲೆ ಹಿಡಿತ ಕಳೆದುಕೊಳ್ಳುತ್ತದೆ. ಎರಡು ಕ್ಲಚ್ಚಿನ ಡಿಸಿಟಿ, ಡಿಎಸ್‌ಜಿ ಇದ್ದವರು ದಯವಿಟ್ಟು ಮನೆಯಲ್ಲಿ ಕೈ ಹಾಕಬೇಡಿ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಇಲ್ಲದ ಸೀಲ್ ಆದ ಟಾರ್ಕ್ ಕನ್ವರ್ಟರ್ ಪೆಟ್ಟಿಗೆಗಳಲ್ಲಿ ಆಯಿಲ್ ಒಂದು ನಿಗದಿತ ಬಿಸಿಯಲ್ಲಿದ್ದಾಗ ಲೆವೆಲ್ ಬೋಲ್ಟಿನಿಂದ ತೊಟ್ಟಿಕ್ಕುವುದನ್ನು ನೋಡಬೇಕು. ಆ ಬಿಸಿ ಓದಲು ಸ್ಕ್ಯಾನರ್ ಬೇಕು, ಗಾಡಿ ನಾಲ್ಕೂ ಚಕ್ರ ಸಮವಾಗಿ ಮೇಲೇಳಬೇಕು. ಅದು ಲಿಫ್ಟ್ ಇರುವ ಗ್ಯಾರೇಜಿನ ಕೆಲಸ.

ಡಿಪ್‌ಸ್ಟಿಕ್ ಇರುವ ನನ್ನಂಥವರಿಗೆ ಕೆಲಸ ಸುಲಭ. ಆಯಿಲ್ ಹೆಸರು ಹೋಂಡಾ ಎಟಿಎಫ್ ಡಿಡಬ್ಲ್ಯೂ-1. ಹಳೆಯ ಝಡ್-1ರ ಜಾಗಕ್ಕೆ ಬಂದಿರುವುದು. ಎಲ್ಲ ಗಾಡಿಗೂ ಆಗುತ್ತೆ ಅಂತ ಲೇಬಲ್ ಮೇಲೆ ಹತ್ತು ಕಂಪನಿ ಹೆಸರು ಬರೆದಿರುವ ಡಬ್ಬಿ ಅಗ್ಗ ಸಿಗುತ್ತದೆ. ನಾನಂತೂ ಕೊಳ್ಳುವುದಿಲ್ಲ. ಕಂಪನಿಯ ಪಾರ್ಟ್ಸ್ ಕೌಂಟರಿನಲ್ಲಿ ಅಥವಾ ಜೆ.ಸಿ. ರಸ್ತೆಯಲ್ಲಿ ಗುರುತಿರುವ ಅಂಗಡಿಯಲ್ಲಿ ತೆಗೆದುಕೊಳ್ಳಿ. ಮುಚ್ಚಳದ ಸೀಲ್ ನೋಡಿ, ಬಿಲ್ ಕೇಳಿ. ಜೊತೆಗೆ ಡ್ರೇನ್ ಬೋಲ್ಟಿನ ಅಲ್ಯೂಮಿನಿಯಂ ವಾಷರ್, ಪ್ರತಿ ಸಲಕ್ಕೂ ಹೊಸದು. ಕಿರಿದಾದ ಮೂತಿಯ ಉದ್ದನೆ ಫನಲ್ ಒಂದು ಬೇಕು. ಡಿಪ್‌ಸ್ಟಿಕ್ ತೂತಿನಿಂದಲೇ ಆಯಿಲ್ ಸುರಿಯಬೇಕಲ್ಲ.

ಈಗ ಜಾಗ. ನನ್ನ ಮನೆ ಹನುಮಂತನಗರದಲ್ಲಿ. ರಾಮಾಂಜನೇಯ ಗುಡ್ಡದ ಸುತ್ತಮುತ್ತ ಸಪಾಟಾದ ರಸ್ತೆ ಹುಡುಕುವುದು ಕಷ್ಟ. ಲೆವೆಲ್ ನೋಡುವ ಕೆಲಸಕ್ಕೆ ಇಳಿಜಾರು ಆಗುವುದೇ ಇಲ್ಲ. ಹಾಗಾಗಿ ಕೆಂಗೇರಿ ಉಪನಗರದಲ್ಲಿ ತಂಗಿ ಮನೆಯ ಪೋರ್ಟಿಕೋಗೆ ಹೋಗುತ್ತೇನೆ. ಪೋರ್ಟಿಕೋ ಕಣ್ಣಿಗೆ ಸಮ ಕಂಡರೂ ಮಳೆನೀರು ಹರಿಯಲಿ ಅಂತ ಗೇಟಿನ ಕಡೆಗೆ ಇಳಿಜಾರು ಕೊಟ್ಟಿರುತ್ತಾರೆ. ಗಾರೆಯವರು ನೀರು ತುಂಬಿ ಲೆವೆಲ್ ಹಿಡಿಯುವ ಪೈಪು ಇದೆಯಲ್ಲ, ಅದನ್ನು ನಾಲ್ಕು ಚಕ್ರದ ಜಾಗಕ್ಕೂ ಹಿಡಿದು ನೋಡಿ. ಇಳಿಜಾರಿದ್ದರೆ ತಗ್ಗಿನ ಕಡೆಯ ಚಕ್ರದಡಿ ಹಲಗೆ ಕೊಡಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಸಮವಾಗಿರಬಹುದು, ಆದರೆ ಅಸೋಸಿಯೇಷನ್ ಕಾರ್ಯದರ್ಶಿ ಬಂದರೆ ನಿಮ್ಮ ಪಾಡು ನಿಮಗೆ.

ಹತ್ತು ನಿಮಿಷ ಗಾಡಿ ಓಡಿಸಿ ಬನ್ನಿ. ಆಯಿಲ್ ಬೆಚ್ಚಗಾದರೆ ಸಲೀಸಾಗಿ ಇಳಿಯುತ್ತದೆ, ಕುದಿಯುವಷ್ಟು ಬಿಸಿ ಬೇಡ. ಪಿಯಲ್ಲಿ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ. ಮುಂಭಾಗ ಎತ್ತಿ ಎರಡೂ ಕಡೆ ಜಾಕ್ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಗಾಡಿ ಅಡಿಗೆ ಹೋಗುವ ಮಾತೇ ಇಲ್ಲ. ಇಟ್ಟಿಗೆ, ಹಾಲೋಬ್ಲಾಕ್ ಇವೂ ಬೇಡ, ಅವು ಹೇಳದೆ ಕೇಳದೆ ಒಡೆಯುತ್ತವೆ.

ಕೆಳಗಿನ ಬೋಲ್ಟ್ ಬಿಚ್ಚುವ ಮೊದಲು ಮೇಲಿನ ಡಿಪ್‌ಸ್ಟಿಕ್ ಹೊರಗೆ ಬರುತ್ತದಾ ನೋಡಿ. ಆಮೇಲೆ ಅಡಿಗೆ ಹೋಗಿ. ಎಂಜಿನ್ ಆಯಿಲ್ ಬೋಲ್ಟಿಗೆ ಸ್ಪ್ಯಾನರ್ ಹಿಡಿಯುವ ಆರು ಮೂಲೆಯ ತಲೆ. ಗೇರ್‌ಬಾಕ್ಸ್ ಬೋಲ್ಟಿನ ನಡುವೆ ಚೌಕದ ಗುಂಡಿ. ಅದಕ್ಕೆ 3/8 ಇಂಚಿನ ರ‍್ಯಾಚೆಟ್ಟನ್ನು ಸಾಕೆಟ್ ಇಲ್ಲದೆ ನೇರವಾಗಿ ತೂರಿಸಬಹುದು. ಎಂಜಿನ್ ಆಯಿಲ್ ಅಂದುಕೊಂಡು ಗೇರ್ ಆಯಿಲ್ ಇಳಿಸಿಬಿಡುವವರು ಬೇಕಾದಷ್ಟು ಜನ ಇದ್ದಾರೆ. ಚೌಕದ ಗುಂಡಿ ನೆನಪಿದ್ದರೆ ಸಾಕು.

ಬೋಲ್ಟಿನ ತುದಿಯಲ್ಲಿ ಅಯಸ್ಕಾಂತ ಇದೆ. ಅಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕಾಡಿಗೆಯಂಥ ನುಣುಪಾದ ಕಪ್ಪು ಮೆತ್ತಿಕೊಂಡಿದ್ದರೆ ಗಾಬರಿ ಬೇಡ, ಅದು ಸಹಜ ಸವೆತ. ಎರಡು ಬೆರಳ ನಡುವೆ ಉಜ್ಜಿದಾಗ ಚುಚ್ಚಬಾರದು. ಚೂರು, ಸಿಪ್ಪೆ, ಹಲ್ಲಿನ ತುಣುಕು ಸಿಕ್ಕರೆ ಆಯಿಲ್ ಬದಲಿಸಿ ಉಪಯೋಗವಿಲ್ಲ, ಪೆಟ್ಟಿಗೆ ಬಿಚ್ಚಿ ನೋಡುವವರ ಹತ್ತಿರ ಹೋಗಿ. ಆಯಿಲ್ ಬಣ್ಣವನ್ನೂ ನೋಡಿ. ಹೊಸದು ಕೆಂಪು. ಕಂದು ಆಗಿರುವುದು ಮಾಮೂಲು. ಸುಟ್ಟ ವಾಸನೆ ಬಂದರೆ ಕ್ಲಚ್ ಸವೆದಿರುವ ಅನುಮಾನ. ತಿಳಿ ಗುಲಾಬಿಯಾಗಿ, ನೊರೆನೊರೆಯಾಗಿದ್ದರೆ ಒಳಗೆ ನೀರು ಸೇರಿದೆ. ಮಳೆಗಾಲದಲ್ಲಿ ತುಂಬಿದ ಅಂಡರ್‌ಪಾಸ್ ದಾಟಿ ಬಂದವರು ಇದನ್ನು ತಪ್ಪದೆ ನೋಡಬೇಕು. ಹಾಗೆ ಕಂಡರೆ ಗಾಡಿ ಸ್ಟಾರ್ಟ್ ಮಾಡಬೇಡಿ, ಮುಂದಿನ ಚಕ್ರ ಮೇಲೆತ್ತಿಸಿ ಎಳೆಸಿಕೊಂಡು ಹೋಗಿ.

ಆಯಿಲ್ ಹನಿಹನಿಯಾಗುವವರೆಗೆ ಬಿಡಿ. ಬೋಲ್ಟ್ ಒರೆಸಿ, ಹೊಸ ವಾಷರ್ ಹಾಕಿ, ಮೊದಲು ಕೈಯಲ್ಲೇ ತಿರುಗಿಸಿ. ಗೇರ್‌ಬಾಕ್ಸ್ ಮೈ ಅಲ್ಯೂಮಿನಿಯಂ, ಬೋಲ್ಟ್ ಕೂರುವ ಮರೆ (ಥ್ರೆಡ್) ಕೆಟ್ಟರೆ ಖರ್ಚು ದೊಡ್ಡದು. ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲಿ, 49 ನ್ಯೂಟನ್ ಮೀಟರ್.

ಇಳಿದದ್ದನ್ನು ಅಳತೆಯ ಡಬ್ಬಿಗೆ ಹಾಕಿ, ಆದರೆ ಆರಿದ ಮೇಲೆ ಅಳೆಯಿರಿ. ಬಿಸಿ ಆಯಿಲ್ ಹಿಗ್ಗಿರುತ್ತದೆ. ಎರಡೂವರೆ ಲೀಟರಿಗೆ ಹತ್ತಿರ ಹತ್ತಿರ 100 ಮಿ.ಲೀ. ವ್ಯತ್ಯಾಸ ಬಂದುಬಿಡುತ್ತದೆ. ನನ್ನ ಗಾಡಿಯಲ್ಲಿ ಇಳಿಯುವುದೂ ಸುಮಾರು ಎರಡೂವರೆ ಲೀಟರೇ. ಎಷ್ಟು ಇಳಿಯಿತೋ ಅಷ್ಟೇ ಹೊಸದನ್ನು ನಿಧಾನವಾಗಿ ಸುರಿಯಿರಿ. ಜಾಸ್ತಿಯಾದರೂ ಕಷ್ಟ. ಗೇರುಗಳು ಅದನ್ನು ಕಡೆದು ನೊರೆ ಮಾಡುತ್ತವೆ, ನೊರೆಯಲ್ಲಿ ಒತ್ತಡ ನಿಲ್ಲುವುದಿಲ್ಲ.

ಗಾಡಿ ಕೆಳಗಿಳಿಸಿ, ಸ್ಟಾರ್ಟ್ ಮಾಡಿ. ಬ್ರೇಕ್ ಒತ್ತಿ ಹಿಡಿದು ಗೇರನ್ನು ಪಿಯಿಂದ ಆರ್, ಎನ್, ಡಿಗೆ ಒಂದೊಂದು ಕಡೆ ಎರಡು ಮೂರು ಸೆಕೆಂಡು ನಿಲ್ಲಿಸುತ್ತ ತನ್ನಿ, ಹಾಗೆಯೇ ವಾಪಸ್ ಹೋಗಿ. ಆಮೇಲೆ ಪಿಯಲ್ಲಿ ಬಿಟ್ಟು ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗುವವರೆಗೆ ಕಾಯಿರಿ. ಎಸಿ ಹಾಕಬೇಡಿ, ಹಾಕಿದರೆ ಫ್ಯಾನ್ ಸುಮ್ಮನೆ ತಿರುಗುತ್ತದೆ, ಲೆಕ್ಕ ತಪ್ಪುತ್ತದೆ. ಎಂಜಿನ್ ಆರಿಸಿದ ಮೇಲೆ 60ರಿಂದ 90 ಸೆಕೆಂಡಿನ ಒಳಗೆ ಡಿಪ್‌ಸ್ಟಿಕ್ ತೆಗೆದು, ಒರೆಸಿ, ಮತ್ತೆ ಹಾಕಿ ತೆಗೆದು ನೋಡಬೇಕು. ಬೇರೆ ಕಂಪನಿಗಳ ಎಷ್ಟೋ ಗಾಡಿಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ನೋಡುವ ಕ್ರಮ ಇದೆ, ಹೋಂಡಾದ್ದು ಹೀಗೆ. ಒರೆಸಲು ನೂಲು ಬಿಡುವ ಬನಿಯನ್ ವೇಸ್ಟ್ ಬೇಡ. ಒಂದು ಎಳೆ ಒಳಗೆ ಹೋದರೂ ವಾಲ್ವ್ ಕಚ್ಚಿಕೊಳ್ಳಬಹುದು. ಎರಡು ಗುರುತುಗಳ ನಡುವೆ ಇದ್ದರೆ ಸರಿ. ಕಡಿಮೆ ಇದ್ದರೆ 100 ಮಿ.ಲೀ. ಹಾಕಿ ಮತ್ತೆ ನೋಡಿ.

ಇಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಟಾರ್ಕ್ ಕನ್ವರ್ಟರ್ ಮತ್ತು ಕೂಲರ್ ಪೈಪುಗಳಲ್ಲಿ ಹಳೆಯದು ಉಳಿದೇ ಇರುತ್ತದೆ. ಅಂದಾಜು ಅರ್ಧ ಬದಲಾಯಿತು ಅಂದುಕೊಂಡರೆ, ಎರಡನೇ ಸಲಕ್ಕೆ ಮುಕ್ಕಾಲು, ಮೂರನೇ ಸಲಕ್ಕೆ ಶೇ 87ರಷ್ಟು ಹೊಸದು. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು, ಹಿಂದಿನ ದಾಖಲೆ ಇಲ್ಲದವರು ವಾರಕ್ಕೊಂದರಂತೆ ಮೂರು ಸಲ ಮಾಡಿ. ಆಮೇಲೆ ಪ್ರತಿ 30,000ಕ್ಕೆ ಒಂದೇ ಸಲ ಸಾಕು.

ಯಂತ್ರ ಹಾಕಿ ಒತ್ತಡದಲ್ಲಿ ಫ್ಲಶ್ ಮಾಡುತ್ತೇವೆ ಅನ್ನುವವರಿಗೆ ನಾನು ಗಾಡಿ ಕೊಡುವುದಿಲ್ಲ. ಕೆಳಗೆ ಕೂತ ಕೊಳೆಯನ್ನು ಎಬ್ಬಿಸಿ ಸಣ್ಣ ವಾಲ್ವುಗಳಿಗೆ ಕಳಿಸುವುದು ಯಾಕೆ? ಒಂದು ಗ್ಯಾರೇಜಿನವರು ನನ್ನ ಗಾಡಿಗೆ ಪ್ಯಾನ್ (ತಳದ ಆಯಿಲ್ ತಟ್ಟೆ) ಗ್ಯಾಸ್ಕೆಟ್ ಅಂತಲೂ ಎಸ್ಟಿಮೇಟ್ ಬರೆದುಕೊಟ್ಟಿದ್ದರು. ಈ ಗೇರ್‌ಬಾಕ್ಸಿಗೆ ಬಿಚ್ಚುವ ಪ್ಯಾನೇ ಇಲ್ಲ! ಇನ್ನು, ಗೇರ್ ಈಗಾಗಲೇ ಜಾರುತ್ತಿದ್ದರೆ, ಡಿಗೆ ಹಾಕಿದ ಎಷ್ಟೋ ಹೊತ್ತಿಗೆ ಕಚ್ಚುತ್ತಿದ್ದರೆ, ಹೊಸ ಆಯಿಲ್ ಅದನ್ನು ರಿಪೇರಿ ಮಾಡುವುದಿಲ್ಲ. ಆಯಿಲ್ ಬದಲಿಸಿದ್ದಕ್ಕೇ ಗೇರ್‌ಬಾಕ್ಸ್ ಹೋಯಿತು ಅನ್ನುವ ಕತೆಗಳಲ್ಲಿ ಜಾಸ್ತಿ ಪಾಲು ಇಂಥ ಗಾಡಿಗಳದ್ದೇ ಇರಬೇಕು.

ಮರುದಿನ ಬೆಳಿಗ್ಗೆ ಗಾಡಿಯಡಿ ಹಳೆ ಪೇಪರ್ ಹಾಸಿ, ಕೆಂಪು ಹನಿ ಬಿದ್ದಿದೆಯಾ ನೋಡಿ. ಹಳೆ ಆಯಿಲನ್ನು ಮೋರಿಗೆ ಸುರಿಯಬೇಡಿ. ನಮ್ಮ ಕಡೆಯ ಮೋರಿಗಳೆಲ್ಲ ಹೋಗಿ ಸೇರುವುದು ವೃಷಭಾವತಿಗೆ. ಬಳಸಿದ ಆಯಿಲ್ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಖಾಲಿಯಾದ ಡಬ್ಬಿಗೇ ವಾಪಸ್ ತುಂಬಿ, ಅದನ್ನು ಮರುಬಳಕೆಗೆ ಕಳಿಸುವ ಸರ್ವೀಸ್ ಸೆಂಟರಿಗೆ ಕೊಡಿ. ಕೂಲಂಟ್, ಬ್ರೇಕ್ ಆಯಿಲ್, ಥಿನ್ನರ್ ಅದರಲ್ಲಿ ಬೆರೆಸಬೇಡಿ, ಬೆರೆಸಿದ್ದನ್ನು ಅವರು ತೆಗೆದುಕೊಳ್ಳಲು ಒಪ್ಪುವುದಿಲ್ಲ.