ಮರ ಏರುವ ಹಗ್ಗಕ್ಕೆ ಯಾವ ಹಿಡಿಗಂಟು?

ಮುಂಗಾರಿನ ಗಾಳಿ ಏಳುವ ಮುನ್ನ ಚಿತ್ರದುರ್ಗ, ಹಿರಿಯೂರು ಸುತ್ತಲ ಊರುಗಳಲ್ಲಿ ಮನೆಯ ಮೇಲೆ ಬಾಗಿದ ಹುಣಸೆ, ಬೇವಿನ ಕೊಂಬೆಗಳನ್ನು ಕಡಿಸುವ ಕೆಲಸ ಹೆಚ್ಚುತ್ತದೆ. ಕಾಲಿಗೆ ತಳೆ ಹಾಕಿ ಅಡಿಕೆ ಮರ ಏರುವ ಕೌಶಲ ಚನ್ನಗಿರಿಯವರಿಗೆ ಹೊಸದಲ್ಲ. ಆದರೆ ನೇರವಾದ ತೆಳು ಕಾಂಡಕ್ಕೆ ಒಗ್ಗುವ ತಳೆ, ತೋಳಿನಲ್ಲಿ ತಬ್ಬಲಾಗದ ಕವಲುಕವಲಾದ ಹುಣಸೆಗೆ ಸಾಲದು. ಅಲ್ಲಿ ಸೊಂಟ ಮತ್ತು ತೊಡೆಯನ್ನು ಹಿಡಿಯುವ ಹಾರ್ನೆಸ್, ಒಳ್ಳೆಯ ಹಗ್ಗ ಹಾಗೂ ಹಿಡಿಗಂಟು ಬೇಕು. ಭಾರ ಬಿದ್ದೊಡನೆ ಹಗ್ಗವನ್ನು ಕಚ್ಚಿ ಹಿಡಿಯುವ, ಕೈಯಿಂದ ಒತ್ತಿದಾಗ ಮಾತ್ರ ಜಾರುವ ಗಂಟನ್ನು ಇಲ್ಲಿ ಹಿಡಿಗಂಟು ಎಂದು ಕರೆದಿದ್ದೇನೆ.

ಗಂಟಿಗಿಂತ ಮೊದಲು ಹಗ್ಗವನ್ನು ನೋಡಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಪ್ಲಾಸ್ಟಿಕ್ ಹಗ್ಗ ಬಹುಪಾಲು ಪಾಲಿಪ್ರೊಪಿಲೀನಿನದು. ಅದು ಸುಮಾರು 165 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ, ಪಾಲಿಯೆಸ್ಟರ್ ಕರಗಲು 250 ಡಿಗ್ರಿಯಷ್ಟು ಬೇಕು. ಹಿಡಿಗಂಟು ಭಾರ ಹೊತ್ತು ವೇಗವಾಗಿ ಜಾರಿದರೆ ಉಜ್ಜಿಕೆಯಿಂದಲೇ ಹಗ್ಗ ಬಿಸಿಯೇರುತ್ತದೆ. ಆದ್ದರಿಂದ ಬಾವಿಗೆ, ಲಾರಿಗೆ ಬಳಸುವ ಹಗ್ಗದಲ್ಲಿ ಮನುಷ್ಯ ನೇತಾಡಲೇಬಾರದು. ಮರ ಏರಲೆಂದೇ ತಯಾರಾದ, 11ರಿಂದ 13 ಮಿ.ಮೀ. ದಪ್ಪದ, ಕನಿಷ್ಠ 24 ಕಿಲೋನ್ಯೂಟನ್ ತಾಳಿಕೆಯ, ಅಂದರೆ ಸುಮಾರು 2,400 ಕೆ.ಜಿ. ಭಾರಕ್ಕೆ ಮುಂಚೆ ತುಂಡಾಗದ ಹಗ್ಗವನ್ನೇ ಕೊಳ್ಳಬೇಕು. ಈ ಖರ್ಚಿನಲ್ಲಿ ಕೈ ಬಿಗಿ ಹಿಡಿಯುವುದು ಸಲ್ಲದು.

ಇನ್ನು ಹಗ್ಗ ಹಾಕುವ ಕ್ರಮ. ಗಟ್ಟಿ ಕವಲಿನ ಮೇಲಿಂದ ಹಾಯಿಸಿದ ಹಗ್ಗದ ಒಂದು ತುದಿ ಹಾರ್ನೆಸ್ಸಿಗೆ ಬಂದು, ಕವಲಿನ ಆಚೆ ಬದಿಯಿಂದ ಇಳಿಬಿದ್ದ ಇನ್ನೊಂದು ಎಳೆಯ ಮೇಲೆ ಹಿಡಿಗಂಟು ಕೂತರೆ, ಏರುವವನ ಭಾರ ಎರಡೂ ಎಳೆಗೆ ಹಂಚಿಹೋಗಿ ಗಂಟಿಗೆ ಹೆಚ್ಚುಕಡಿಮೆ ಅರ್ಧ ಮಾತ್ರ ಬರುತ್ತದೆ. ಒಂದೇ ಎಳೆಯನ್ನು ಬಿಗಿದು ಏರುವ ಕ್ರಮದಲ್ಲಿ ಪೂರ್ತಿ ಭಾರ ಗಂಟಿನ ಮೇಲೆಯೇ ಬೀಳುವುದರಿಂದ, ಇಳಿಯಲು ಗಂಟಿನ ಜೊತೆಗೆ ಘರ್ಷಣೆಯನ್ನು ಹಂಚಿಕೊಳ್ಳುವ ಉಪಕರಣವೂ ಬೇಕು. ಕಲಿಯುವವರು ಎರಡೆಳೆಯಿಂದಲೇ ಆರಂಭಿಸಲಿ.

ಅವರಿಗೆ ನಾನು ಹೇಳುವ ಮೊದಲ ಗಂಟು ಬ್ಲೇಕ್ಸ್ ಹಿಚ್. ಬೇರೆ ದಾರ ಬೇಡದೆ, ಅದೇ ದಪ್ಪದ ಹಗ್ಗದ ತುದಿಯಿಂದಲೇ ಕಟ್ಟಬಹುದು. ಹಾರ್ನೆಸ್ಸಿಗೆ ಕಟ್ಟಿದ ಮೇಲೆ ಸುಮಾರು ಒಂದು ಮೀಟರ್ ತುದಿಯನ್ನು ಉಳಿಸಿಕೊಳ್ಳಿ. ಅದನ್ನು ಮುಖ್ಯ ಎಳೆಯ, ಅಂದರೆ ಕವಲಿನ ಆಚೆ ಬದಿಯಿಂದ ಇಳಿದ ಎಳೆಯ ಸುತ್ತ ಕೆಳಗಿನಿಂದ ಮೇಲಕ್ಕೆ ನಾಲ್ಕು ಸುತ್ತು ಸುತ್ತಿ. ಕೆಳಗಿನ ಎರಡು ಸುತ್ತಿನೊಳಗೆ ಹೆಬ್ಬೆರಳನ್ನು ಇಟ್ಟು ಸಡಿಲವಾಗಿಟ್ಟುಕೊಳ್ಳಿ. ತುದಿಯನ್ನು ಕೆಳಗೆ ತಂದು, ಹಾರ್ನೆಸ್ಸಿಗೆ ಹೋಗುವ ತನ್ನದೇ ಎಳೆಯ ಮುಂದಿನಿಂದ ದಾಟಿಸಿ, ಮುಖ್ಯ ಎಳೆಯ ಹಿಂದಿನಿಂದ ಹಾಯಿಸಿ, ಹೆಬ್ಬೆರಳಿದ್ದ ಎರಡು ಸುತ್ತಿನ ಅಡಿಯಿಂದ ಹೊರಗೆಳೆಯಿರಿ. ಸುತ್ತುಗಳನ್ನು ಒಂದರ ಪಕ್ಕ ಒಂದು ಕೂರಿಸಿ, ಬಿಗಿದು, ತುದಿಗೆ ಎಂಟಿನ ಆಕಾರದ ತಡೆಗಂಟು ಹಾಕಿ. ತನ್ನದೇ ಎಳೆಯ ಮುಂದಿನಿಂದ ದಾಟಿಸುವುದನ್ನು ತಪ್ಪಿಸಿದರೆ ನೋಡಲು ಹಾಗೆಯೇ ಕಾಣುವ, ಆದರೆ ಬಿಚ್ಚಿಹೋಗುವ ಗಂಟು ಉಂಟಾಗುತ್ತದೆ. ಇಲ್ಲಿ ಕಣ್ಣಂದಾಜು ಸಾಲದು, ಪ್ರತಿ ಸಲವೂ ಬೆರಳಿಟ್ಟು ಎಳೆಯ ಜಾಡನ್ನು ಹಿಡಿದು ನೋಡಬೇಕು.

ಆಸ್ಟ್ರಿಯದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಪ್ರಚಾರಕ್ಕೆ ತಂದ ಪ್ರೂಸಿಕ್ ಗಂಟಿಗೆ ಮುಖ್ಯ ಹಗ್ಗಕ್ಕಿಂತ ತೆಳುವಾದ ದಾರದ ಕುಣಿಕೆ ಬೇಕು, ದಪ್ಪ ಸಮವಾದರೆ ಹಿಡಿತ ಕುಗ್ಗುತ್ತದೆ. ಮೇಲೆ ಕೆಳಗೆ ಎರಡೂ ಕಡೆ ಕಚ್ಚುವುದು ಅದರ ಗುಣ, ಭಾರ ಬಿದ್ದ ಮೇಲೆ ಸುಲಭವಾಗಿ ಸಡಿಲವಾಗದಿರುವುದು ಅದರ ದೋಷ. ಹಾಗಾಗಿ ಕಾಂಡಕ್ಕೆ ಕಟ್ಟುವ ಎರಡನೆಯ ಹಗ್ಗವನ್ನು ಉದ್ದ-ಗಿಡ್ಡ ಮಾಡಲು ಅದು ಒಳ್ಳೆಯದು, ಇಡೀ ದಿನದ ಏರಿಳಿತಕ್ಕೆ ಅಲ್ಲ. ಡಿಸ್ಟೆಲ್, ವಾಲ್ಡೋಟೇನ್ ಗಂಟುಗಳು ಭಾರದಲ್ಲೂ ನಯವಾಗಿ ಜಾರುತ್ತವೆ. ಆದರೆ ಶಾಖ ತಾಳುವ ಅರಾಮಿಡ್ ಹೊದಿಕೆಯ 8ರಿಂದ 10 ಮಿ.ಮೀ. ದಾರ, ಸರಿಯಾದ ಉದ್ದ, ಪಳಗಿದ ಕೈ ಮೂರೂ ಬೇಕು.

ಯಾವ ಗಂಟಾದರೂ ಎತ್ತರದಲ್ಲಿ ಮೊದಲ ಸಲ ಪರೀಕ್ಷಿಸುವಂತಿಲ್ಲ. ಇಬ್ಬರು ಹಗ್ಗಕ್ಕೆ ಜೋತು ಕವಲು ತಾಳುವುದನ್ನು ಖಚಿತಪಡಿಸಿಕೊಂಡ ಮೇಲೆ, ನೆಲದಿಂದ ಮೊಳದೆತ್ತರದಲ್ಲಿ ಕುಳಿತು, ಕೈ ಬಿಟ್ಟಾಗ ಗಂಟು ಕಚ್ಚುವುದನ್ನು ಹತ್ತಾರು ಸಲ ನೋಡಬೇಕು. ಒಂದಿಷ್ಟು ಜಾರಿದರೂ ಸುತ್ತು ಹೆಚ್ಚಿಸಿ ಅಥವಾ ದಾರ ಬದಲಿಸಿ. ನುಗ್ಗೆ, ಗುಲ್‌ಮೊಹರ್‌ನಂಥ ಪಟಕ್ಕನೆ ಮುರಿಯುವ ಮರದಲ್ಲಿ ಕೊಂಬೆಗೆ ಹಗ್ಗ ಹಾಕಬೇಡಿ. ವಿದ್ಯುತ್ ತಂತಿ ಹತ್ತಿರವಿದ್ದರೆ ಬೆಸ್ಕಾಂಗೆ ತಿಳಿಸಿ ಸಂಪರ್ಕ ಕಡಿತವಾದದ್ದನ್ನು ದೃಢಪಡಿಸಿಕೊಳ್ಳದೆ ಏರಬೇಡಿ. ಗರಗಸ ಹಿಡಿಯುವಾಗ ಎರಡನೆಯ ಹಗ್ಗವೂ ಕಾಂಡಕ್ಕೆ ಕಟ್ಟಿರಲಿ, ಇಳಿಸಬಲ್ಲ ಜೊತೆಗಾರ ಕೆಳಗಿರಲಿ.

ಬಯಲುಸೀಮೆಯ ಧೂಳು, ಮರಳು ಹಗ್ಗದೊಳಗೆ ಸೇರಿ ನೂಲೆಳೆಗಳನ್ನು ಒಳಗಿಂದಲೇ ಸವೆಸುತ್ತವೆ. ಸಂಜೆ ಹಗ್ಗವನ್ನು ಮಡಿಸುವಾಗ ಅದರ ಪೂರ್ತಿ ಉದ್ದವನ್ನೂ ಬೆರಳ ಸಂದಿಯಲ್ಲಿ ಎಳೆದು ನೋಡಿ. ಉಜ್ಜಿಕೆಯ ಬಿಸಿಗೆ ಬಿರುಸಾಗಿ ಹೊಳಪೇರಿದ ತುದಿ ಸಿಕ್ಕರೆ ಅಷ್ಟನ್ನು ಕತ್ತರಿಸಿ ಹಾಕಿ, ನಡುವಿನಲ್ಲಿ ಮೆತ್ತಗಾದ ಜಾಗ ಕಂಡರೆ ಆ ಹಗ್ಗವನ್ನು ಮತ್ತೆ ಏರಲು ಬಳಸಬೇಡಿ.