ಸೀರೆ ತಲುಪಿದ ಮೇಲೆ: ರಿವ್ಯೂ ವಿಚಾರದಲ್ಲಿ ಹೇಗೆ ನಡೆದುಕೊಳ್ಳಬೇಕು

ನಾನು ಹನುಮಂತನಗರದ ಮನೆಯಿಂದಲೇ ಇಳಕಲ್ ಸೀರೆ ಮಾರುತ್ತೇನೆ. ತವರು ಬಾಗಲಕೋಟೆ ಜಿಲ್ಲೆ. ಸೋದರಮಾವನ ಮನೆಯಲ್ಲಿ ಈಗಲೂ ಎರಡು ಮಗ್ಗ ನಡೆಯುತ್ತವೆ. ವಾಟ್ಸಾಪ್‌ನಲ್ಲಿ ಸ್ವಲ್ಪ, ಇನ್‌ಸ್ಟಾಗ್ರಾಂನಲ್ಲಿ ಸ್ವಲ್ಪ, ಉಳಿದದ್ದು ದೊಡ್ಡ ಶಾಪಿಂಗ್ ಆ್ಯಪ್‌ಗಳಲ್ಲಿ, ಹೀಗೆ ಏಳು ವರ್ಷದಿಂದ ವ್ಯಾಪಾರ ನಡೆದಿದೆ. ಹೊಸದಾಗಿ ಮಾರಲು ಹೊರಟ ಹುಡುಗಿಯರು ಬಂದು ಕೇಳುವುದು ಹೆಚ್ಚಾಗಿ ಒಂದೇ ಮಾತು: “ಆಂಟಿ, ರಿವ್ಯೂ ಹೇಗೆ ಬರೆಸ್ಕೊಳ್ಳೋದು? ಒಂದು ಸ್ಟಾರ್ ಬಂದ್ರೆ ಏನ್ ಮಾಡೋದು?” ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಕೂಡಿಸಿ ಬರೆಯುತ್ತಿದ್ದೇನೆ.

ಮೊದಲು ನಾನು ಮಾಡಿದ ತಪ್ಪು

ಶುರು ಮಾಡಿದ ಎರಡನೇ ವರ್ಷ ಜಯನಗರದ ಒಬ್ಬರು ಕೆಂಪು ಸೆರಗಿನ ಸೀರೆ ತರಿಸಿಕೊಂಡರು. ನಾಲ್ಕನೇ ದಿನ ಒಂದು ಸ್ಟಾರ್ ಬಂತು. “ಎರಡು ತುಂಡು ಜೋಡಿಸಿದ ಸೀರೆ ಕಳಿಸಿದ್ದಾರೆ, ಮೋಸ” ಅಂತ ಬರೆದಿದ್ದರು. ಓದಿ ನನ್ನ ಮೈಯೆಲ್ಲ ಉರಿಯಿತು. ಇಳಕಲ್ ಸೀರೆಗೆ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹಾಯುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಎಳೆಗಳಿಗೂ ಸೆರಗಿನ ರೇಷ್ಮೆ ಎಳೆಗಳಿಗೂ ಮಗ್ಗದ ಮೇಲೆಯೇ ಕುಣಿಕೆ ಹಾಕಿ ಒಂದರೊಳಗೊಂದು ಸಿಕ್ಕಿಸುತ್ತಾರೆ. ಅದಕ್ಕೆ ಕೊಂಡಿ ಅನ್ನುತ್ತಾರೆ. ಸೆರಗು ಶುರುವಾಗುವ ಕಡೆ ಅಡ್ಡಕ್ಕೆ ಒಂದು ಗೆರೆ ಕಾಣುತ್ತದಲ್ಲ, ಅದೇ. ನೇಯುವವರ ಕೈಚಳಕವೆಲ್ಲ ಇರುವ ಜಾಗವನ್ನೇ ಇವರು ಮೋಸ ಅಂದಿದ್ದರು.

ಹತ್ತೇ ನಿಮಿಷದಲ್ಲಿ ಎಲ್ಲರಿಗೂ ಕಾಣುವಂತೆ ಉತ್ತರ ಬರೆದೆ: “ಇಳಕಲ್ ಸೀರೆ ಅಂದರೆ ಏನೆಂದು ಗೊತ್ತಿಲ್ಲದವರು ಕೊಳ್ಳಬಾರದು.” ಅವರು ವಾಪಸ್ ತೆಗೆದುಕೊಳ್ಳಿ ಎಂದು ಮೆಸೇಜ್ ಮಾಡಿದಾಗ, “ರಿವ್ಯೂ ತೆಗೆದರೆ ದುಡ್ಡು ಹಾಕುತ್ತೇನೆ” ಎಂದು ಬರೆದೆ. ಅವರು ಆ ಮೆಸೇಜಿನ ಚಿತ್ರವನ್ನೇ ರಿವ್ಯೂಗೆ ಸೇರಿಸಿಬಿಟ್ಟರು. ಮುಂದೆ ಎರಡು ಮೂರು ತಿಂಗಳು ಆ ಆ್ಯಪ್‌ನಲ್ಲಿ ಆರ್ಡರ್ ಬಂದದ್ದು ಬೆರಳೆಣಿಕೆಯಷ್ಟು.

ಭಾನುವಾರ ಮಾಮನಿಗೆ ಫೋನ್ ಮಾಡಿ ಅವರ ಮೇಲೆ ದೂರು ಹೇಳಿಕೊಂಡೆ. ಮಾಮ ಪೂರ್ತಿ ಕೇಳಿ, “ಅವರಿಗೆ ಹೆಂಗ ಗೊತ್ತಾಗಬೇಕವಾ? ನೀ ಹೇಳಿದ್ರ ಅಲ್ಲೇನು?” ಅಂದ. ಆ್ಯಪ್ ತೆಗೆದು ನೋಡಿದೆ. ಸೀರೆಯ ವಿವರದಲ್ಲಿ ಬಣ್ಣ, ಉದ್ದ, ಬೆಲೆ ಎಲ್ಲ ಇತ್ತು, ಕೊಂಡಿಯ ಬಗ್ಗೆ ಒಂದಕ್ಷರ ಇರಲಿಲ್ಲ. ಅವತ್ತೇ ಕೊಂಡಿಯನ್ನು ಹತ್ತಿರದಿಂದ ತೆಗೆದ ಒಂದು ಫೋಟೋ, ಅದರ ಕೆಳಗೆ ಮೂರು ಸಾಲು ವಿವರಣೆ ಪ್ರತಿ ಸೀರೆಗೂ ಹಾಕಿದೆ. ಆಮೇಲೆ ಆ ದೂರು ಮತ್ತೆ ಬಂದಿಲ್ಲ. ಜಯನಗರದವರಿಗೆ ಪೂರಾ ಹಣ ಹಾಕಿ ಕ್ಷಮೆ ಕೇಳಿದೆ. ರಿವ್ಯೂ ಮಾತು ಎತ್ತಲಿಲ್ಲ.

ಇದರಿಂದ ನಾನು ಹಿಡಿದುಕೊಂಡ ನಿಯಮ ಇಷ್ಟು: ದುಡ್ಡು ಹಿಂತಿರುಗಿಸುವುದು ನನ್ನ ಬಾಕಿ, ಅಭಿಪ್ರಾಯ ಬರೆಯುವುದು ಅವರ ಹಕ್ಕು, ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಬಾರದು. ದೂರು ಬಗೆಹರಿಯುವ ತನಕ ರಿವ್ಯೂ ಎಂಬ ಪದವೇ ನಿಮ್ಮ ಬಾಯಲ್ಲಿ ಬರಬಾರದು. 2020ರ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳ ಪ್ರಕಾರವೂ, ದೋಷವಿರುವ ಸರಕನ್ನಾಗಲಿ, ಹೇಳಿದ ಗುಣ ಇಲ್ಲದ ಸರಕನ್ನಾಗಲಿ ವಾಪಸ್ ಪಡೆಯಲು ಮಾರುವವರು ಒಲ್ಲೆ ಅನ್ನುವಂತಿಲ್ಲ. ಕೊಡಲೇಬೇಕಾದದ್ದನ್ನು ಕೊಡುವುದಕ್ಕೆ ನಾವು ಷರತ್ತು ಹಾಕಿದರೆ ಅದು ಬೆದರಿಕೆಯ ಹಾಗೆಯೇ ಕೇಳಿಸುತ್ತದೆ.

ನನ್ನ ಮೈದುನ ಹಿಂದೆ ಇ-ಬೇ ಇಂಡಿಯಾದಲ್ಲಿ ಹಳೆಯ ಅಂಚೆಚೀಟಿ ಮಾರುತ್ತಿದ್ದ. ಬಾಜೀ ಡಾಟ್ ಕಾಮ್ ಅಂತ ಇದ್ದದ್ದನ್ನು 2004ರಲ್ಲಿ ಇ-ಬೇ ಕೊಂಡುಕೊಂಡಿತು, 2018ರಲ್ಲಿ ಆ ತಾಣ ಮುಚ್ಚಿತು. ಮೊದಮೊದಲು ಅಲ್ಲಿ ಮಾರುವವರೂ ಕೊಳ್ಳುವವರಿಗೆ ಕೆಟ್ಟ ಅಂಕ ಕೊಡಬಹುದಿತ್ತು. ನೀನು ಬರಿ ಆಮೇಲೆ ನಾನು ಬರೀತೀನಿ ಅಂತ ಇಬ್ಬರೂ ಕಾಯುತ್ತಾ ಕೂರುತ್ತಿದ್ದರಂತೆ. ನಿಜ ಬರೆದರೆ ತನಗೂ ಕೆಟ್ಟ ಅಂಕ ಬೀಳುತ್ತದೆಂಬ ಹೆದರಿಕೆ. ಕೊನೆಗೆ 2008ರಲ್ಲಿ ಇ-ಬೇ ಮಾರುವವರ ಕೈಯಿಂದ ಆ ಅಧಿಕಾರವನ್ನೇ ತೆಗೆದುಹಾಕಿತು. ಮೈದುನನಿಗೆ ಆಗ ಕೋಪ ಬಂದಿತ್ತು. ನನಗೆ ಅದು ಸರಿಯಾದ ತೀರ್ಮಾನ ಅನ್ನಿಸುತ್ತದೆ. ಹೆದರಿ ಬರೆದ ಐದು ಸ್ಟಾರ್ ನೋಡಿ ನಂಬಿ ಬರುವ ಮುಂದಿನವರಿಗೆ ನಾವು ಏನು ಉತ್ತರ ಕೊಡುವುದು?

ಕೇಳುವ ಹೊತ್ತು, ಕೇಳುವ ಮಾತು

ಪಾರ್ಸೆಲ್ ತಲುಪಿದ ದಿನವೇ ರಿವ್ಯೂ ಕೇಳಬೇಡಿ. ಸೀರೆ ಬಂದ ತಕ್ಷಣ ಯಾರೂ ಉಡುವುದಿಲ್ಲ. ಫಾಲ್ ಹಾಕಿಸಬೇಕು, ಜಿಗ್‌ಜಾಗ್ ಹೊಡೆಸಬೇಕು, ಕುಚ್ಚು ಕಟ್ಟಿಸಬೇಕು, ಬ್ಲೌಸ್ ಹೊಲಿಸಬೇಕು. ನಮ್ಮ ಕಡೆ ಟೈಲರ್ ಹತ್ತು ದಿನ ಅಂದರೆ ಹದಿನೈದು ದಿನ. ಆಷಾಢದ ರಿಯಾಯಿತಿಯಲ್ಲಿ ಕೊಂಡ ಸೀರೆ ಹೊರಬರುವುದು ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ. ಉಟ್ಟು ನೋಡದೆ ಅವರು ಏನು ಬರೆದಾರು? “ಪ್ಯಾಕಿಂಗ್ ಚೆನ್ನಾಗಿದೆ” ಅಂತ ಬರೆಯಬಹುದು, ಅಷ್ಟೆ.

ಅದಕ್ಕೆ ನಾನು ಎರಡು ಸಲ ಮಾತಾಡುತ್ತೇನೆ. ಮೊದಲನೆಯದು ಪೊಟ್ಟಣದೊಳಗೆ ಇಡುವ ಚೀಟಿ. “ಫಾಲ್ ಹಾಕಿಸುವ ಮೊದಲು ಸೀರೆಯನ್ನು ಹಗಲು ಬೆಳಕಿನಲ್ಲಿ ಪೂರ್ತಿ ಬಿಚ್ಚಿ ನೋಡಿ. ಏನಾದರೂ ಸರಿ ಇಲ್ಲದಿದ್ದರೆ ಈ ನಂಬರಿಗೆ ತಿಳಿಸಿ, ಬದಲಿಸಿ ಕೊಡುತ್ತೇವೆ.” ಇದರಲ್ಲಿ ಸ್ಟಾರ್ ವಿಷಯವೇ ಇಲ್ಲ. ಫಾಲ್ ಹೊಲಿದ ಮೇಲೆ ತಪ್ಪು ಕಂಡರೆ ಅವರಿಗೂ ಸಂಕಟ, ನನಗೂ ಸಂಕಟ, ಆ ಸಂಕಟ ನೇರವಾಗಿ ರಿವ್ಯೂಗೆ ಹೋಗುತ್ತದೆ. ಚೀಟಿ ಇಡಲು ಶುರು ಮಾಡಿದ ಮೇಲೆ ದೂರುಗಳು ಹೆಚ್ಚಾಗಿ ಮೊದಲು ನನ್ನ ಫೋನಿಗೇ ಬರುತ್ತಿವೆ.

ಎರಡನೆಯದು ಮೂರು ವಾರ ಬಿಟ್ಟು, ಒಂದೇ ಒಂದು ಮೆಸೇಜ್: “ನಮಸ್ಕಾರ ಮೇಡಂ, ಸೀರೆ ಉಟ್ಟಿರಾ? ಹೇಗಿತ್ತು ಅಂತ ಬಿಡುವಾದಾಗ ಬರೆದರೆ ಉಪಕಾರವಾಗುತ್ತದೆ. ಹಿಡಿಸದ್ದು ಇದ್ದರೆ ಅದನ್ನೂ ಬರೆಯಿರಿ.” ಕೊನೆಯ ವಾಕ್ಯ ಬಿಡಬೇಡಿ. ಐದು ಸ್ಟಾರ್ ಕೊಡಿ ಅನ್ನುವುದು, ಮುಂದಿನ ಸೀರೆಗೆ 100 ರೂಪಾಯಿ ಕಡಿಮೆ ಮಾಡುತ್ತೇನೆ ಅನ್ನುವುದು, ಮೆಚ್ಚಿದವರಿಗೆ ಮಾತ್ರ ಹುಡುಕಿ ಲಿಂಕ್ ಕಳಿಸುವುದು, ಇವೆಲ್ಲ ಬೇಡ. ಅಮೆಜಾನ್ ಆಗಲಿ ಗೂಗಲ್ ಆಗಲಿ ಇಂಥದ್ದನ್ನು ಒಪ್ಪುವುದಿಲ್ಲ. ಅಮೆಜಾನ್‌ನಲ್ಲಿ ಮಾರುವವರಿಗೆ ಇದಕ್ಕೆಂದೇ ಒಂದು ಗುಂಡಿ ಇದೆ. ಸರಕು ತಲುಪಿದ 5ರಿಂದ 30 ದಿನದೊಳಗೆ ಒತ್ತಿದರೆ ಅವರದೇ ಮಾತಿನಲ್ಲಿ ಒಂದು ವಿನಂತಿ ಹೋಗುತ್ತದೆ. ಅಲ್ಲಿ ಅದನ್ನೇ ಬಳಸಿ.

ಪಾರ್ಸೆಲ್ ಕಳಿಸಲು ಸಿಕ್ಕ ಫೋನ್ ನಂಬರ್ ಪಾರ್ಸೆಲ್‌ಗೆ ಮಾತ್ರ. ರಿವ್ಯೂಗಾಗಿ ಕರೆ ಮಾಡುವುದು ಯಾವ ಹೊತ್ತಿನಲ್ಲೂ ಸರಿಯಲ್ಲ. ಮೆಸೇಜಿಗೆ ಉತ್ತರ ಬರಲಿಲ್ಲವೇ, ಅಲ್ಲಿಗೆ ಬಿಟ್ಟುಬಿಡಿ.

ಉಟ್ಟ ಸೀರೆಯ ಫೋಟೋ

ಇದರ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಖುಷಿಯಾದವರು ವಾಟ್ಸಾಪ್‌ಗೆ ಫೋಟೋ ಕಳಿಸುತ್ತಾರೆ. ಗೃಹಪ್ರವೇಶದ ಫೋಟೋ, ಸೀಮಂತದ ಫೋಟೋ, ಪಕ್ಕದಲ್ಲಿ ಅತ್ತೆ, ತೊಡೆಯ ಮೇಲೆ ಮಗು. ಅವರು ಅದನ್ನು ನನಗೆ ತೋರಿಸಲು ಕಳಿಸಿದ್ದಾರೆ, ಊರಿಗೆ ತೋರಿಸಲು ಅಲ್ಲ. ನೇರವಾಗಿ ಇನ್‌ಸ್ಟಾಗ್ರಾಂಗೆ ಏರಿಸಿ ಹೃದಯದ ಗುರುತು ಹಾಕುವವರನ್ನು ದಿನಾ ನೋಡುತ್ತೇನೆ. ನೋಡಿದಾಗಲೆಲ್ಲ ಆ ಹೆಣ್ಣುಮಗಳನ್ನು ಕೇಳಿದ್ದಾರೋ ಇಲ್ಲವೋ ಎಂಬ ಚಿಂತೆ ನನಗೆ.

ಹೀಗೆ ಕೇಳಿ: “ಫೋಟೋ ತುಂಬಾ ಚೆನ್ನಾಗಿದೆ ಮೇಡಂ. ನಮ್ಮ ಪುಟದಲ್ಲಿ ಹಾಕಬಹುದಾ? ಮುಖ ಬೇಡ ಅಂದರೆ ಸೆರಗು ಮಾತ್ರ ಹಾಕುತ್ತೇನೆ. ಹೆಸರು ಬರೆಯುವುದಿಲ್ಲ.” ಹ್ಞೂಂ ಅಂತ ಬರೆದು ಕಳಿಸಿದರೆ ಮಾತ್ರ ಹಾಕಿ. ಬರೀ ನಗುಮುಖದ ಚಿತ್ರ ಕಳಿಸಿದರೆ ಅದನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಮಕ್ಕಳಿರುವ ಫೋಟೋವನ್ನು ಅವರು ಒಪ್ಪಿದರೂ ನಾನು ಹಾಕುವುದಿಲ್ಲ. ಆಮೇಲೆ ಯಾವತ್ತು ತೆಗೆಯಿರಿ ಅಂದರೂ, ಯಾಕೆ ಅಂತ ಕೇಳದೆ ತೆಗೆಯಿರಿ. ವಾಟ್ಸಾಪ್ ಮಾತುಕತೆಯ ಚಿತ್ರವನ್ನು ರಿವ್ಯೂ ಅಂತ ಹಾಕುವವರೂ ಇದ್ದಾರೆ. ಅದಕ್ಕೂ ಇದೇ ರೀತಿ ಕೇಳಬೇಕು, ಹೆಸರು ನಂಬರ್ ಅಳಿಸಬೇಕು.

ಕೆಟ್ಟ ರಿವ್ಯೂ ಬಂದಾಗ

ಓದಿದ ಕೂಡಲೇ ಉತ್ತರ ಬರೆಯಬೇಡಿ. ನಾನು ಒಂದು ರಾತ್ರಿ ಕಳೆಯಲು ಬಿಡುತ್ತೇನೆ. ಬೆಳಿಗ್ಗೆ ಆ ಆರ್ಡರಿನ ಫೋಟೋ, ಕಳಿಸಿದ ದಿನ, ನಡೆದ ಮಾತುಕತೆ ಎಲ್ಲ ತೆಗೆದು ನೋಡುತ್ತೇನೆ. ಬಣ್ಣದ ದೂರಾದರೆ ಹೆಚ್ಚು ಸಲ ತಪ್ಪು ನನ್ನ ಫೋಟೋದ್ದೇ ಆಗಿರುತ್ತದೆ. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಗಿಳಿಹಸಿರು ಹೋಗಿ ರಾಮಾ ಗ್ರೀನ್ ಹಾಗೆ ಕಾಣುತ್ತದೆ. ಈಗ ಬೆಳಿಗ್ಗೆ ಒಂಬತ್ತರೊಳಗೆ ತಾರಸಿಯ ಮೇಲೆ, ಕನ್ನಡಿ ನೋಡಿದಷ್ಟು ಸ್ಪಷ್ಟವಾಗಿ ತೆಗೆಯುತ್ತೇನೆ.

ಉತ್ತರದಲ್ಲಿ ಇರಬೇಕಾದದ್ದು ಕಡಿಮೆ. ಏನು ತಪ್ಪಾಯಿತೋ ಅದನ್ನು ಅವರ ಮಾತಿನಲ್ಲೇ ಒಪ್ಪಿಕೊಳ್ಳಿ, ಏನು ಮಾಡುತ್ತೀರಿ ಹೇಳಿ, ಮುಗಿಸಿ. ಹೋದ ಮಳೆಗಾಲದಲ್ಲಿ ಒಂದು ಪಾರ್ಸೆಲ್ಲನ್ನು ಕೊರಿಯರಿನವರು ಅಪಾರ್ಟ್‌ಮೆಂಟ್ ಗೇಟಿನ ಹೊರಗೆ ಮಳೆಯಲ್ಲೇ ಇಟ್ಟು ಹೋಗಿದ್ದರು. ಸೆರಗಿನ ಕೆಂಪು ಬಣ್ಣ ಅದರಲ್ಲಿನ ಬಿಳಿ ತೆನೆ ವಿನ್ಯಾಸಕ್ಕೆಲ್ಲ ಹರಿದಿತ್ತು. ನೆನೆಸಿದ್ದು ನಾನಲ್ಲ. ಆದರೆ ಅವರು ದುಡ್ಡು ಕೊಟ್ಟದ್ದು ಕೊರಿಯರಿಗೆ ಅಲ್ಲ, ನನಗೆ. ಹೀಗೆ ಬರೆದೆ: “ನಮಸ್ಕಾರ ಮೇಡಂ. ಸೀರೆ ಒದ್ದೆಯಾಗಿ, ಬಣ್ಣ ಹರಿದು ಬಂದದ್ದಕ್ಕೆ ಕ್ಷಮಿಸಿ. ಬೇರೆ ಸೀರೆ ಕಳಿಸುತ್ತೇವೆ, ಬೇಡವೆಂದರೆ ಪೂರ್ತಿ ಹಣ ಹಾಕುತ್ತೇವೆ. ಇವತ್ತಿನಿಂದ ಪ್ರತಿ ಸೀರೆಗೂ ಒಳಗಡೆ ಪ್ಲಾಸ್ಟಿಕ್ ಚೀಲ ಹಾಕುತ್ತಿದ್ದೇವೆ.” ಕೊರಿಯರಿನವರ ಜೊತೆ ಜಗಳ ನಾನು ಬೇರೆಯಾಗಿ ಆಡಿದೆ.

ಎಲ್ಲರಿಗೂ ಕಾಣುವ ಉತ್ತರದಲ್ಲಿ ಅವರ ಪೂರ್ತಿ ಹೆಸರು, ಬಡಾವಣೆ, ಆರ್ಡರ್ ನಂಬರ್, ಕೊಟ್ಟ ಬೆಲೆ ಬರೆಯಬೇಡಿ. “ನೀವು ಹೋದ ಸಲವೂ ವಾಪಸ್ ಮಾಡಿದ್ದಿರಿ” ಅಂತ ಲೆಕ್ಕ ತೆಗೆಯಬೇಡಿ. ಕನ್ನಡದಲ್ಲಿ ಬರೆದವರಿಗೆ ಕನ್ನಡದಲ್ಲೇ ಉತ್ತರ ಕೊಡಿ, ಅದನ್ನು ಅವರು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರೂ ಸರಿ. ಗುರುತಿಲ್ಲದವರಿಗೆ ಮೇಡಂ, ಸರ್ ಸಾಕು. ಅಕ್ಕಾ ಅನ್ನುವುದು ಅವರು ಒಂದೆರಡು ಸಲ ನಕ್ಕು ಮಾತಾಡಿದ ಮೇಲೆ.

ಸುಳ್ಳು ರಿವ್ಯೂ

ಸೀರೆ ಕೊಳ್ಳದೇ ಬರೆಯುವವರು, ಬೈಗುಳ ಬರೆಯುವವರು, ನಿಮ್ಮ ಫೋನ್ ನಂಬರ್ ಹಾಕುವವರು ಸಿಗುತ್ತಾರೆ. ಅದನ್ನು ಆ್ಯಪ್‌ನವರಿಗೆ ವರದಿ ಮಾಡಿ, ಕಾಯಿರಿ. ಅಮೆಜಾನ್‌ನಲ್ಲಿ ಮಾರುವವರ ಬಗ್ಗೆ ಬರೆಯಬೇಕಾದ ಜಾಗದಲ್ಲಿ ಬರೀ ಸರಕಿನ ಬಗ್ಗೆ ಬರೆದಿದ್ದರೆ, ಬೈಗುಳವೋ ಖಾಸಗಿ ವಿವರವೋ ಇದ್ದರೆ, ತೆಗೆಯಲು ಕೇಳಬಹುದು. ಕಹಿಯಾಗಿದೆ ಎಂಬ ಒಂದೇ ಕಾರಣಕ್ಕೆ ವರದಿ ಮಾಡಬೇಡಿ.

ಕೆಟ್ಟ ರಿವ್ಯೂವನ್ನು ಕೆಳಗೆ ತಳ್ಳಲು ನಾದಿನಿ, ತಂಗಿ, ಪಕ್ಕದ ಮನೆಯವರ ಕೈಲಿ ಐದು ಸ್ಟಾರ್ ಬರೆಸಲೂಬೇಡಿ. ಮಾರುವವರೇ ಗ್ರಾಹಕರ ವೇಷದಲ್ಲಿ ರಿವ್ಯೂ ಬರೆಯುವುದನ್ನು ಅದೇ 2020ರ ನಿಯಮಗಳು ನಿಷೇಧಿಸಿವೆ. ಆನ್‌ಲೈನ್ ರಿವ್ಯೂಗಳಿಗೆಂದೇ ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಐಎಸ್ 19000 ಎಂಬ ಮಾನದಂಡವನ್ನೂ ತಂದಿದೆ. ನನ್ನ ತಂಗಿ ಪ್ರೀತಿಯಿಂದಲೇ ಬರೆಯಲು ಹೊರಟಿದ್ದಳು. ಸೀರೆ ನಾನು ಅವಳಿಗೆ ಸುಮ್ಮನೆ ಕೊಟ್ಟದ್ದು. ಬೇಡ ಅಂದೆ.

ಮೂರು ಸ್ಟಾರ್

ನಾನು ಹೆಚ್ಚು ಜೋಪಾನ ಮಾಡುವುದು ಮೂರು ಸ್ಟಾರ್ ರಿವ್ಯೂಗಳನ್ನು. ಹೊಗಳಿದವರೂ ಸಿಟ್ಟಾದವರೂ ಒಂದೇ ಸಾಲು ಬರೆದು ಹೋಗುತ್ತಾರೆ, ಮೂರು ಕೊಟ್ಟವರು ಕೂತು ಯೋಚಿಸಿ ಬರೆದಿರುತ್ತಾರೆ. ಮಲ್ಲೇಶ್ವರದ ಒಬ್ಬ ಹಿರಿಯರು ಬರೆದದ್ದು: “ಸೀರೆ ಬಹಳ ಚೆನ್ನಾಗಿದೆ. ಜೊತೆಗೆ ಕೊಟ್ಟ ಗುಳೇದಗುಡ್ಡದ ಖಣ ಮೊಣಕೈ ತನಕ ತೋಳು ಇಡಲು ಸಾಲಲಿಲ್ಲ.” ನಾನು 80 ಸೆಂಟಿಮೀಟರ್ ಕಳಿಸುತ್ತಿದ್ದೆ. ಟೈಲರ್ ಹತ್ತಿರ ಹೋಗಿ ಕೇಳಿದೆ, ಅವರು ಹೇಳಿದ್ದು ಸರಿಯಾಗಿತ್ತು. ಈಗ ಎಲ್ಲರಿಗೂ ಒಂದು ಮೀಟರ್ ಕಳಿಸುತ್ತೇನೆ. ಅವರಿಗೂ ಇನ್ನೊಂದು ತುಂಡು ಖಣ ಕಳಿಸಿ, ನೀವು ಬರೆದದ್ದರಿಂದ ಇದನ್ನು ಬದಲಿಸಿದೆವು ಎಂದು ಚೀಟಿ ಇಟ್ಟೆ. ಕೈಗೆ ಸಿಕ್ಕಿತು ಅಂತ ಫೋನ್ ಮಾಡಿ ಹತ್ತು ನಿಮಿಷ ಮಾತಾಡಿದರು, ತಮ್ಮ ತಾಯಿಯ ಇಳಕಲ್ ಸೀರೆಯ ನೆನಪು ಹೇಳಿದರು. ಅವರ ಮೂರು ಸ್ಟಾರ್ ಇವತ್ತಿಗೂ ಹಾಗೇ ಇದೆ. ಬದಲಿಸಿ ಅಂತ ನಾನು ಕೇಳಿಲ್ಲ.