ಉತ್ತರ ನೋಡದೆ ಅಡ್ವೆಂಚರ್ ಗೇಮ್ ಆಡುವುದು: ನನ್ನ ಅನುಭವ

ಅಡ್ವೆಂಚರ್ ಗೇಮ್, ಅಂದರೆ ಸುತ್ತಾಡಿ, ಒಗಟು ಬಿಡಿಸುತ್ತಾ ಕಥೆಯಲ್ಲಿ ಮುಂದೆ ಸಾಗುವ ಆಟ, ಆಡಲು ಕೂತರೆ ನನ್ನ ಪಕ್ಕದಲ್ಲಿ ನೋಟ್‌ಬುಕ್ಕು, ಪೆನ್ನು ಇರಲೇಬೇಕು. ಎಲ್ಲಿ ಏನು ಕಂಡಿತು, ಯಾರು ಏನಂದರು, ಯಾವ ಬಾಗಿಲು ತೆರೆಯಲಿಲ್ಲ, ಎಲ್ಲ ಬರೆದುಕೊಳ್ಳುತ್ತೇನೆ. ಮುಂದೆ ದಾರಿ ಕಾಣದಿದ್ದರೆ ಯೂಟ್ಯೂಬ್‌ನಲ್ಲಿ ಉತ್ತರ ಹುಡುಕುವುದಿಲ್ಲ. ಆಟ ಮುಚ್ಚಿ ಎದ್ದುಬಿಡುತ್ತೇನೆ. ಮಾರನೇ ದಿನ ಬರೆದದ್ದನ್ನೆಲ್ಲ ಮೊದಲಿಂದ ಓದುತ್ತೇನೆ. ಎಷ್ಟೋ ಸಲ ಉತ್ತರ ಆ ಪುಟದಲ್ಲೇ ಇರುತ್ತದೆ.

ಹೀಗೆ ಆಡುತ್ತಾ ಆಟಗಳನ್ನು ಅಳೆಯಲು ನನ್ನದೇ ಒಂದು ಲೆಕ್ಕ ಹುಟ್ಟಿಕೊಂಡಿದೆ. ಒಗಟು ಬಿಡಿಸಿದ ಮೇಲೆ 'ಅಯ್ಯೋ, ಕಣ್ಣೆದುರಿಗೇ ಇತ್ತಲ್ಲ' ಅನ್ನಿಸಿದರೆ ಅದು ಒಳ್ಳೆಯ ಆಟ. 'ಇದು ಯಾರಿಗೆ ತಾನೇ ಹೊಳೆಯಬೇಕು' ಅನ್ನಿಸಿದರೆ, ಎಷ್ಟೇ ಹೆಸರು ಮಾಡಿರಲಿ, ಆ ಆಟ ನನಗೆ ಬೇಡ.

ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲೆ ನಿಲ್ಲುವುದು 2018ರಲ್ಲಿ ಬಂದ 'ರಿಟರ್ನ್ ಆಫ್ ದಿ ಒಬ್ರಾ ಡಿನ್'. ಲೂಕಸ್ ಪೋಪ್ ಹೆಚ್ಚುಕಡಿಮೆ ಒಬ್ಬರೇ ಮಾಡಿದ ಆಟ. 1802ರಲ್ಲಿ ಲಂಡನ್‌ನಿಂದ ಹೊರಟ ಹಡಗೊಂದು ಕಾಣೆಯಾಗಿ, 1807ರಲ್ಲಿ ಫಾಲ್ಮತ್ ಬಂದರಿಗೆ ತೇಲಿಕೊಂಡು ಬರುತ್ತದೆ. ಒಳಗೆ ಜೀವಂತ ಯಾರೂ ಇಲ್ಲ. ನೀವು ಈಸ್ಟ್ ಇಂಡಿಯಾ ಕಂಪನಿಯ ಇನ್ಶೂರೆನ್ಸ್ ಇನ್‌ಸ್ಪೆಕ್ಟರ್. ಹಡಗಿನಲ್ಲಿದ್ದ 60 ಜನರಲ್ಲಿ ಯಾರು ಯಾರು, ಯಾರಿಗೆ ಏನಾಯಿತು ಅಂತ ಒಂದು ಪುಸ್ತಕದಲ್ಲಿ ತುಂಬಬೇಕು. ಕೈಯಲ್ಲಿ ಒಂದು ವಿಚಿತ್ರ ಗಡಿಯಾರ. ಹೆಣದ ಮುಂದೆ ಅದನ್ನು ತೆರೆದರೆ ಮೊದಲು ಕತ್ತಲಲ್ಲಿ ಮಾತು, ಸದ್ದು ಕೇಳಿಸುತ್ತದೆ. ಆಮೇಲೆ ಆ ವ್ಯಕ್ತಿ ಸತ್ತ ಕ್ಷಣ ಅಲ್ಲಾಡದೆ ನಿಂತುಬಿಡುತ್ತದೆ. ಅದರೊಳಗೆ ನಾವು ಓಡಾಡಿ ನೋಡಬಹುದು.

ನಾವಿಕರ ಪಟ್ಟಿಯಲ್ಲಿ ಪ್ರತಿಯೊಬ್ಬರಿಗೂ ಒಂದು ನಂಬರ್ ಇದೆ. ಅವರು ಮಲಗುವ ತೂಗುಹಾಸಿಗೆಗಳ ಮೇಲೂ ನಂಬರ್ ಇದೆ. ಒಂದು ದೃಶ್ಯದಲ್ಲಿ ಕೆಲವರ ಮುಖ ಕಾಣುವುದಿಲ್ಲ, ಹಾಸಿಗೆಯಿಂದ ಹೊರಚಾಚಿದ ಕಾಲು ಮಾತ್ರ ಕಾಣುತ್ತದೆ. ಅವರು ಹಾಕಿರುವ ಶೂ ಎಂಥದು ನೋಡಿಟ್ಟುಕೊಂಡು, ಬೇರೆ ದೃಶ್ಯದಲ್ಲಿ ಅದೇ ಶೂ ಹಾಕಿಕೊಂಡವರು ಯಾರು ಅಂತ ಹುಡುಕಬೇಕು. ನಂಬರ್‌ನಿಂದ ಹೆಸರು, ಶೂನಿಂದ ಮುಖ. ಇದನ್ನು ಆಟ ಎಲ್ಲೂ ಹೇಳಿಕೊಡುವುದಿಲ್ಲ. ನಾನಾಗಿ ಕಂಡುಕೊಂಡಾಗ ಕುರ್ಚಿಯಿಂದ ಎದ್ದು ಓಡಾಡಿದೆ, ಅಷ್ಟು ಖುಷಿ. ಭಾರತದಿಂದ ಬಂದ ನಾವಿಕರೂ ಆ ಪಟ್ಟಿಯಲ್ಲಿದ್ದಾರೆ. ಅವರ ಹೆಸರು ತುಂಬುವಾಗ ಯಾಕೋ ಇನ್ನಷ್ಟು ಜೋಪಾನವಾಗಿ ನೋಡಿದೆ. ಮೂರು ಜನರ ವಿವರ ಸರಿಯಾದಾಗ ಮಾತ್ರ ಆಟ ಒಪ್ಪಿಕೊಳ್ಳುವುದರಿಂದ ಸುಮ್ನೆ ಊಹಿಸಿ ಪಾರಾಗುವುದು ಕಷ್ಟ. ಒಂದೇ ಬೇಸರ. ಹಳೆಯ ದೃಶ್ಯವನ್ನು ಮತ್ತೆ ನೋಡಬೇಕಾದರೆ ಆ ಹೆಣ ಇರುವಲ್ಲಿಗೇ ನಡೆದುಕೊಂಡು ಹೋಗಬೇಕು. ಕೊನೆಕೊನೆಗೆ ಇದು ಜಾಸ್ತಿ ಆಯಿತು ಅನ್ನಿಸುತ್ತದೆ.

ಇದಕ್ಕೆ ತದ್ವಿರುದ್ಧ 1999ರ 'ಗೇಬ್ರಿಯಲ್ ನೈಟ್ 3'. ಒಬ್ಬನ ವೇಷ ಹಾಕಿ ಮೋಟಾರ್‌ಸೈಕಲ್ ಬಾಡಿಗೆಗೆ ಪಡೆಯಬೇಕು, ಅದಕ್ಕೆ ಮೀಸೆ ಬೇಕು. ಬೆಕ್ಕು ನುಸುಳುವ ಕಿಂಡಿಗೆ ಟೇಪ್ ಅಂಟಿಸಿ, ಬೆಕ್ಕನ್ನು ಓಡಿಸಿ, ಟೇಪ್‌ಗೆ ಅಂಟಿದ ಕೂದಲನ್ನು ಸಿರಪ್ ಹಚ್ಚಿ ತುಟಿಯ ಮೇಲೆ ಅಂಟಿಸಿಕೊಳ್ಳಬೇಕು. ಇಷ್ಟಾದರೂ ಆ ಮನುಷ್ಯನಿಗೆ ಮೀಸೆಯೇ ಇಲ್ಲ! ಅವನ ಪಾಸ್‌ಪೋರ್ಟ್ ಫೋಟೋಗೂ ನಾವೇ ಮೀಸೆ ಬರೆಯಬೇಕು. ಆ ಕಾಲದ ಆಟಗಳನ್ನು ಹೊಗಳುವವರು ಬಹಳ. ಕಥೆ, ಸಂಗೀತದ ವಿಷಯದಲ್ಲಿ ನಾನೂ ಒಪ್ಪುತ್ತೇನೆ. ಆದರೆ ಇಂಥ ಒಗಟು ಆಟಗಾರನ ಸಮಯಕ್ಕೆ ಮಾಡುವ ಅನ್ಯಾಯ.

2019ರ 'ಔಟರ್ ವೈಲ್ಡ್ಸ್' ನನ್ನ ಅತಿ ಪ್ರೀತಿಯ ಆಟ. ಪುಟ್ಟ ಸೌರಮಂಡಲ, ಮರದ ಹಲಗೆ ಬಡಿದು ಮಾಡಿದಂಥ ಒಂದು ನೌಕೆ. 22 ನಿಮಿಷಕ್ಕೆ ಸೂರ್ಯ ಸಿಡಿಯುತ್ತಾನೆ, ನೀವು ಮತ್ತೆ ಮೊದಲ ಜಾಗದಲ್ಲಿ ಕಣ್ಣು ಬಿಡುತ್ತೀರಿ. ಹೊಸ ಆಯುಧ ಇಲ್ಲ, ಶಕ್ತಿ ಹೆಚ್ಚುವುದಿಲ್ಲ. ಉಳಿಯುವುದು ನೀವು ತಿಳಿದುಕೊಂಡದ್ದು ಮಾತ್ರ. ಒಂದನ್ನೊಂದು ಸುತ್ತುವ ಎರಡು ಗ್ರಹಗಳಿವೆ. ಒಂದರ ಮರಳು ಆಕಾಶದಲ್ಲೇ ಧಾರೆಯಾಗಿ ಇನ್ನೊಂದಕ್ಕೆ ಸುರಿಯುತ್ತಿರುತ್ತದೆ. ಇಲ್ಲಿ ಗುಹೆಗಳು ತುಂಬಿಕೊಳ್ಳುತ್ತಿದ್ದರೆ ಅಲ್ಲಿ ಹೂತುಹೋದ ಕಟ್ಟಡಗಳು ಮೇಲೇಳುತ್ತವೆ. ಗುಹೆಯೊಳಗೆ ಹಳೆಯ ಬರಹ ಓದುತ್ತಾ ನಿಂತರೆ ಮರಳು ಏರುತ್ತಾ ಬಂದು ತಲೆ ಚಾವಣಿಗೆ ತಾಗುತ್ತದೆ. ಹಾಗಾಗಿ ಎಲ್ಲಿಗೆ ಹೋಗಬೇಕು ಅನ್ನುವಷ್ಟೇ ಮುಖ್ಯ, ಯಾವಾಗ ಹೋಗಬೇಕು ಅನ್ನುವುದು. ನನ್ನ ನೋಟ್‌ಬುಕ್ಕಿನಲ್ಲಿ ಈ ಆಟದ ಪುಟಗಳ ತುಂಬ ನಿಮಿಷಗಳ ಪಟ್ಟಿಯೇ ಇದೆ.

ಕತ್ತಲು, ಮಂಜು ತುಂಬಿದ ಒಂದು ಜಾಗದಲ್ಲಿ ದೈತ್ಯ ಮೀನುಗಳಿವೆ. ಅವಕ್ಕೆ ಕಣ್ಣು ಕಾಣುವುದಿಲ್ಲ, ಕಿವಿ ಚುರುಕು. ಇಂಜಿನ್ ಆಫ್ ಮಾಡಿ ತೇಲಿಕೊಂಡು ಹೋಗಬೇಕು. ಹೆಡ್‌ಫೋನ್ ಹಾಕಿಕೊಂಡು ಆಡಿ, ಉಸಿರು ಬಿಡಲೂ ಹೆದರುತ್ತೀರಿ. ನೌಕೆ ಓಡಿಸುವುದು ಕೈಗೆ ಹತ್ತಲು ಸಮಯ ಬೇಕು. ಆ ಕಾರಣಕ್ಕೇ ಅರ್ಧಕ್ಕೆ ಬಿಟ್ಟ ಗೆಳೆಯರಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟೇ: ಇಳಿಯುವುದನ್ನು ಮೊದಲು ಚಂದ್ರನ ಮೇಲೆ ಅಭ್ಯಾಸ ಮಾಡಿ.

ಒಗಟೇ ಇಲ್ಲದ ಆಟಗಳ ಬಗ್ಗೆ 'ಸುಮ್ನೆ ನಡೆಯೋದು, ಇದೆಂಥ ಗೇಮ್' ಅನ್ನುವವರಿದ್ದಾರೆ. ಅವರು 2017ರ 'ವಾಟ್ ರಿಮೇನ್ಸ್ ಆಫ್ ಎಡಿತ್ ಫಿಂಚ್' ಆಡಲಿ. ಅದರಲ್ಲಿ ಮೀನಿನ ಕಾರ್ಖಾನೆಯಲ್ಲಿ ದುಡಿಯುವ ಹುಡುಗನೊಬ್ಬನಿದ್ದಾನೆ. ಒಂದು ಕೈಯಲ್ಲಿ ಮೀನನ್ನು ಎಳೆದು ತಲೆ ಕತ್ತರಿಸುತ್ತಲೇ ಇರಬೇಕು, ಇನ್ನೊಂದು ಕೈಯಲ್ಲಿ ಅವನ ಕನಸಿನ ರಾಜಕುಮಾರನನ್ನು ನಡೆಸಬೇಕು. ಕನಸು ದೊಡ್ಡದಾಗುತ್ತಾ ಪರದೆಯನ್ನೇ ತುಂಬಿಕೊಳ್ಳುತ್ತದೆ, ಮೀನು ಕತ್ತರಿಸುವುದು ಕೈಗೆ ತಾನಾಗೇ ಬರುತ್ತಿರುತ್ತದೆ. ಆ ಹುಡುಗನ ಮನಸ್ಸು ಓದಿ ತಿಳಿಯುವಂಥದ್ದಲ್ಲ, ಕೈಗೇ ಗೊತ್ತಾಗುತ್ತದೆ. 2016ರ 'ಫೈರ್‌ವಾಚ್' ಕೂಡ ನನಗೆ ಇಷ್ಟ. ಕಾಡ್ಗಿಚ್ಚು ಕಾಯುತ್ತಾ ಗೋಪುರದಲ್ಲಿ ಒಬ್ಬನೇ ಇರುವವನಿಗೆ ಜೊತೆ ಅಂದರೆ ವಾಕಿಟಾಕಿಯಲ್ಲಿ ಕೇಳುವ ಒಬ್ಬ ಹೆಂಗಸಿನ ದನಿ. ಕೊನೆ ಸಪ್ಪೆ ಅಂತ ತುಂಬ ಜನ ದೂರುತ್ತಾರೆ. ನನಗೆ ಹಾಗನ್ನಿಸಲಿಲ್ಲ. ವಾಕಿಟಾಕಿಯ ಆ ತುದಿಯ ದನಿ ಕೊನೆವರೆಗೂ ದನಿಯಾಗೇ ಉಳಿದದ್ದು ಸರಿ.

ನಮ್ಮ ಕಡೆಯ ಕಥೆಗಳಿಗೆ ಬಂದರೆ, ಪುಣೆಯ ನಾಡಿಂಗ್ ಹೆಡ್ಸ್ ತಂಡದ 'ರಾಜಿ' (2020) ನೋಡಲು ಬಲು ಚೆಂದ. ಕೋಟೆ, ಕೊಳ, ಗೋಡೆಚಿತ್ರ ನೋಡುತ್ತಾ ನಿಂತುಬಿಡುತ್ತೇವೆ. ಆದರೆ ಹೊಡೆದಾಟ ಬೇಗ ಬೇಸರ ತರಿಸುತ್ತದೆ, ಕಥೆಯೂ ತಟ್ಟನೆ ಮುಗಿಯುತ್ತದೆ. ಕೆನಡಾಕ್ಕೆ ಹೋದ ತಮಿಳು ಕುಟುಂಬದ ಕಥೆ 'ವೆಂಬಾ' (2023). ಅಮ್ಮನ ಹಳೆಯ ಅಡುಗೆ ಪುಸ್ತಕದಲ್ಲಿ ಅಳಿಸಿಹೋದ ಸಾಲುಗಳನ್ನು ಊಹಿಸಿ ಅಡುಗೆ ಮಾಡಬೇಕು. ಮೊದಲ ಅಡುಗೆಯೇ ಇಡ್ಲಿ! ಇಡ್ಲಿ ಬೇಯಿಸಿ ಗೊತ್ತಿದ್ದವರಿಗೆ ಒಗಟು ಸುಲಭ, ಆಟವೂ ಚಿಕ್ಕದು. ಮಗ ದೂರವಾಗುವ ಭಾಗ ಮಾತ್ರ ಬೆಂಗಳೂರಲ್ಲಿ ಕೂತು ಆಡಿದರೂ ಕರುಳಿಗೆ ತಾಗುತ್ತದೆ.

ಹೊಸಬರು ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದರೆ ನಾನು ಹೇಳುವುದು ಜೆಕ್ ದೇಶದ ಅಮಾನಿಟಾ ಡಿಸೈನ್ ಅವರ 'ಮಷಿನೇರಿಯಂ' (2009). ಪಾತ್ರಗಳು ಚಿತ್ರದಲ್ಲೇ ಮಾತಾಡುತ್ತವೆ, ಹಾಗಾಗಿ ಇಂಗ್ಲಿಷ್ ಬಾರದ ಮಕ್ಕಳೂ, ದೊಡ್ಡವರೂ ಒಟ್ಟಿಗೆ ಕೂತು ಆಡಬಹುದು. ಉತ್ತರದ ಪುಸ್ತಕ ಆಟದೊಳಗೇ ಇದೆ, ಆದರೆ ಅದನ್ನು ತೆರೆಯಲು ಪ್ರತಿ ಸಲ ಜೇಡಗಳಿಗೆ ಗುಂಡು ಹೊಡೆಯುವ ಸಣ್ಣ ಆಟ ಗೆಲ್ಲಬೇಕು. ಹಳೆಯ ಲ್ಯಾಪ್‌ಟಾಪ್ ಸಾಕು. 'ಔಟರ್ ವೈಲ್ಡ್ಸ್'ಗಾದರೆ ಸ್ವಲ್ಪ ಗಟ್ಟಿ ಗ್ರಾಫಿಕ್ಸ್ ಕಾರ್ಡ್ ಬೇಕು, ಗೇಮ್‌ಪ್ಯಾಡ್ ಇದ್ದರೆ ಇನ್ನೂ ಒಳ್ಳೆಯದು.